ಹೊಲಿಗೆ ಮಿಷನ್ ಪಕ್ಕದ ಹೈಸ್ಕೂಲು

ಹೊರಗಡೆ 'ಲೇಡೀಸ್ ಟೈಲರ್' ಅಂತ ಬೋರ್ಡು ನೇತುಹಾಕಿ ಒಳಗಡೆ ಹೈಸ್ಕೂಲು ನಡೆಸಿದವರು ಇಡೀ ಅರಸೀಕೆರೆಯಲ್ಲಿ ಯಾರಾದರೂ ಇದ್ದರೆ ಅದು ನಮ್ಮ ಅತ್ತೆ ಒಬ್ಬರೇ! ಆ ಹೈಸ್ಕೂಲಿಗೆ ಒಂದೇ ಕೋಣೆ, ಒಂದೇ ಮಂಚ, ಒಬ್ಬಳೇ ವಿದ್ಯಾರ್ಥಿನಿ. ಹೆಡ್‌ಮಿಸ್ಸು, ಕ್ಲಾಸ್ ಟೀಚರು, ಗಂಟೆ ಹೊಡೆಯುವ ಜವಾನ ಎಲ್ಲ ಅವರೇ. ಅವರು ಓದಿದ್ದು ಎಷ್ಟು ಅಂತೀರಾ? ಒಂಬತ್ತನೇ ಕ್ಲಾಸು. ಅದೂ ಪೂರ್ತಿ ಅಲ್ಲ, ಅರ್ಧವಾರ್ಷಿಕ ಪರೀಕ್ಷೆಯ ಹೊತ್ತಿಗೆ ಮದುವೆ ಮಾಡಿಬಿಟ್ಟಿದ್ದರಂತೆ. "ಅರ್ಧ ಬುದ್ಧಿ ಸ್ಕೂಲಲ್ಲೇ ಬಿಟ್ಟುಬಂದಿದೀನಿ" ಅಂತ ಅವರೇ ಹೇಳಿಕೊಳ್ಳುತ್ತಿದ್ದರು. ನಾವು ಯಾರಾದರೂ "ಹೌದು" ಅಂದರೆ ಮಾತ್ರ ಕತ್ತರಿ ಹುಡುಕುತ್ತಿದ್ದರು.

ಆ ಒಬ್ಬಳೇ ವಿದ್ಯಾರ್ಥಿನಿ ನಾನು.

ತೊಂಬತ್ತರ ದಶಕದ ಮಾತು. ನಮ್ಮೂರು ಹಗರೆ. ಅಪ್ಪನಿಗೆ ಒಂದಿಷ್ಟು ರಾಗಿ ಹೊಲ, ನಾಲ್ಕು ಹಸು. ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಜ್ವರ ಬಂತು. ಜೊತೆಗೆ ಕೀಲುನೋವು. ಇವತ್ತು ಮಂಡಿ ಊದಿದರೆ ನಾಳೆ ಮೊಣಕೈ, ನಾಡಿದ್ದು ಹಿಮ್ಮಡಿ. ನೋವು ನನ್ನ ಮೈಯೊಳಗೇ ಟೂರು ಹೊಡೆಯುತ್ತಿತ್ತು! ಅಪ್ಪನೂ ಅಪ್ಪನ ಅಕ್ಕನಾದ ಈ ಅತ್ತೆಯೂ ಸೇರಿ ಹಾಸನದ ಡಾಕ್ಟರಿಗೆ ತೋರಿಸಿದರು. ಕೀಲುಜ್ವರ, ಹೃದಯಕ್ಕೂ ಸ್ವಲ್ಪ ತಾಗಿದೆ ಅಂದರು ಡಾಕ್ಟರು. ಮೂರು ವಾರಕ್ಕೊಂದು ಇಂಜೆಕ್ಷನ್ ಚುಚ್ಚಿಸಬೇಕು, ಒಂದು ವರ್ಷ ಮಂಚ ಬಿಟ್ಟು ಅಲುಗಾಡಬಾರದು, ಮೆಟ್ಟಿಲು ಹತ್ತಬಾರದು, ಓಡುವ ಮಾತಂತೂ ಇಲ್ಲವೇ ಇಲ್ಲ.

ಹದಿನಾಲ್ಕರ ಹುಡುಗಿಗೆ ಮಂಚ ಬಿಡಬೇಡ ಅಂದರೆ ಆಗುತ್ತದೆಯೇ? ನಾನೋ, ಊಟಕ್ಕೆ ಕರೆಯಬೇಕಾದರೆ ಸೀಬೆಮರದ ಬುಡಕ್ಕೆ ಬಂದು ತಲೆ ಎತ್ತಿ ಕೂಗಬೇಕಾಗಿದ್ದಂಥ ಪ್ರಾಣಿ! ಅಮ್ಮ ಹಾಲು ಕರೆಯಲು ಕೂತರೆ ಸಾಕು, ನಾನು ಹಿತ್ತಲಿನಿಂದ ಪರಾರಿ. ಒಂದೇ ವಾರದಲ್ಲಿ ಎರಡು ಸಲ ಕೆರೆ ಏರಿ ಮೇಲೆ ಸಿಕ್ಕಿಬಿದ್ದೆ. ಎರಡನೇ ಸಲ ಅಪ್ಪ ನನ್ನನ್ನು ಹೊತ್ತುಕೊಂಡೇ ತಂದರು.

ಈ ನಡುವೆ ಶಾಲೆಯಿಂದ ಹೇಳಿಕಳಿಸಿದರು. ಹಾಜರಿ ಸಾಲದು, ಗುಣವಾದ ಮೇಲೆ ಮತ್ತೆ ಒಂಬತ್ತಕ್ಕೇ ಬಂದು ಕೂರಲಿ ಅಂತ. ನನ್ನ ಜೊತೆಯವರೆಲ್ಲ ಹತ್ತಕ್ಕೆ ಹೋಗುತ್ತಾರೆ, ನಾನು ಮಾತ್ರ ತಂಗಿಯ ವಾರಿಗೆಯವರ ಜೊತೆ! ಗೋಡೆ ಕಡೆ ತಿರುಗಿ ಎರಡು ದಿನ ಅಳುತ್ತಾ ಮಲಗಿದೆ. ಅಪ್ಪ ಹಾಸಿಗೆ ಪಕ್ಕ ಕೂತು, "ಓದು ಎಲ್ಲಿ ಹೋಯ್ತದೆ ಬಿಡವ್ವ, ಜೀವ ಮುಖ್ಯ" ಅಂದರು. ಅದನ್ನು ಕೇಳಿ ಮೂರನೇ ದಿನವೂ ಅಳು ಬಂತು.

ನಾಲ್ಕನೇ ದಿನ ಅರಸೀಕೆರೆಯಿಂದ ಅತ್ತೆ ಬಂದಿಳಿದರು. ವಿಷಯ ಕೇಳಿದರು. ಕಾಫಿ ಲೋಟ ಕೆಳಗಿಟ್ಟರು.

"ಸ್ಕೂಲು ಇವಳನ್ನ ಬಿಟ್ರೆ ಬಿಡ್ಲಿ. ನಾನು ಕರ್ಕೊಂಡು ಹೋಯ್ತೀನಿ. ಮನೇಲೇ ಓದ್ಸಿ ಹತ್ತನೇ ಕ್ಲಾಸು ಪಾಸು ಮಾಡುಸ್ತೀನಿ. ಆಮೇಲೆ ಕಾಲೇಜಿಗೂ ಕಳುಸ್ತೀನಿ."

ಅಪ್ಪ ಗಾಬರಿಯಾದರು. "ಅಕ್ಕಾ, ನೀನು ಓದಿರೋದೇ ಒಂಬತ್ತು!"

"ಅದಕ್ಕೇ ಕಣೋ! ಹತ್ತನೇದ್ರಲ್ಲಿ ಅಂಥಾದ್ದೇನೈತೆ ಅಂತ ನಂಗೂ ನೋಡ್ಬೇಕು."

ಹೀಗೆ ನನ್ನ ಶಾಲೆ ಬದಲಾಯಿತು. ಅತ್ತೆಯ ಹೊಲಿಗೆ ಮಿಷನ್ ಕಿಟಕಿಯ ಪಕ್ಕ, ಮಿಷನ್ ಪಕ್ಕ ನನ್ನ ಮಂಚ. ಮಾವ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರು. ಮನೆಯಲ್ಲಿ ಅವರು ಮಾತಾಡಿದ್ದನ್ನು ಕೇಳಿದವರು ಕಡಿಮೆ. ಅವಕಾಶ ಸಿಕ್ಕಬೇಕಲ್ಲ!

ಅತ್ತೆಯ ಪಾಠದ ಕ್ರಮ ಯಾವ ಟ್ರೈನಿಂಗ್ ಕಾಲೇಜಿನಲ್ಲೂ ಇರಲಾರದು. ಅವರು ಪಾಠ ಹೇಳುತ್ತಿರಲಿಲ್ಲ, ಹೇಳಿಸಿಕೊಳ್ಳುತ್ತಿದ್ದರು. ನಾನು ಓದಿಕೊಂಡು ನನ್ನ ಮಾತಿನಲ್ಲಿ ವಿವರಿಸಬೇಕು, ಅವರು ಹೊಲಿಯುತ್ತಾ ಕೇಳಿಸಿಕೊಳ್ಳಬೇಕು. ಮಿಷನ್ ಗಡಗಡ ಓಡುತ್ತಿದ್ದರೆ ಅರ್ಥವಾಗುತ್ತಿದೆ ಅಂತ. ನಿಂತರೆ ಮುಗಿಯಿತು! ಪಾಠ ಮತ್ತೆ ಮೊದಲಿನಿಂದ. "ನಂಗೆ ತಿಳೀಲಿಲ್ಲ ಅಂದ್ರೆ ನಿಂಗೂ ತಿಳಿದಿಲ್ಲ ಅಂತ್ಲೇ ಲೆಕ್ಕ" ಅನ್ನುವುದು ಅವರ ವಾದ. ಬೀಜಗಣಿತದ ದಿನಗಳಲ್ಲಿ ಬೆಳಗ್ಗೆಯಿಂದ ಸಂಜೆಯವರೆಗೆ ಒಂದು ಲಂಗದ ಅಂಚೂ ಮುಗಿಯುತ್ತಿರಲಿಲ್ಲ. ಗಿರಾಕಿಗಳು ಬಂದು ಬಾಗಿಲಲ್ಲಿ ನಿಂತು, "ಯಾಕಕ್ಕಾ, ಇನ್ನೂ ಆಗಿಲ್ವಾ?" ಅಂದರೆ ಅತ್ತೆ ನನ್ನ ಕಡೆ ಬೆರಳು ತೋರಿಸಿ, "ಎಕ್ಸ್ ಸಿಕ್ಕಿಲ್ಲ ಕಣಮ್ಮ, ನಾಳೆ ಬಾ" ಅನ್ನುತ್ತಿದ್ದರು. ಎಕ್ಸ್ ಅಂದರೆ ಯಾವುದೋ ವಿಶೇಷ ನಮೂನೆಯ ಹುಕ್ಕು ಅಂದುಕೊಂಡು ಅವರು ಹೋಗುತ್ತಿದ್ದರು.

ಒಂದು ದಿನ ವಿಜ್ಞಾನ. "ಪ್ರತಿಯೊಂದು ಕ್ರಿಯೆಗೂ ಅಷ್ಟೇ ಬಲದ ಪ್ರತಿಕ್ರಿಯೆ ಇರುತ್ತೆ ಅತ್ತೆ" ಅಂದೆ. ಮಿಷನ್ ಟಕ್ಕನೆ ನಿಂತಿತು.

"ಸುಳ್ಳು."

"ಪುಸ್ತಕದಲ್ಲಿದೆ ಅತ್ತೆ!"

"ಪುಸ್ತಕದಲ್ಲಿ ಏನಾರ ಇರ್ಲಿ. ಇಪ್ಪತ್ತು ವರ್ಷದಿಂದ ನಿಮ್ಮ ಮಾವಂಗೆ ಬೈತಾ ಇದೀನಿ. ಒಂದು ಪ್ರತಿಕ್ರಿಯೆ ಬಂದೈತಾ ಕೇಳು!"

ಪೇಪರಿನ ಹಿಂದಿದ್ದ ಮಾವನ ಕಡೆಯಿಂದ ಆಗಲೂ ಬರಲಿಲ್ಲ. ಪೇಪರು ಮಾತ್ರ ನಗುವಿಗೆ ಅಲುಗಾಡುತ್ತಿತ್ತು.

ಇನ್ನು ಪುಸ್ತಕಗಳ ವಿಷಯ. ಹೊಸ ಪುಸ್ತಕ ಕೊಳ್ಳುವುದು ಅತ್ತೆಯ ದೃಷ್ಟಿಯಲ್ಲಿ ಹೊಸ ಸೀರೆ ಕತ್ತರಿಸಿ ಒರೆಸುವ ಬಟ್ಟೆ ಮಾಡಿದಷ್ಟು ದೊಡ್ಡ ಅಪರಾಧ. ಹಳೇ ಪೇಪರ್ ಅಂಗಡಿಗೆ ಹೋಗಿ ಹತ್ತನೇ ಕ್ಲಾಸನ್ನು ತಕ್ಕಡಿಯಲ್ಲಿ ತೂಗಿಸಿಕೊಂಡು ಬಂದರು! ನಮ್ಮ ಸಮಾಜ ಪುಸ್ತಕದಲ್ಲಿ ರಾಜರಿಗೆಲ್ಲ ಯಾರೋ ಕೂಲಿಂಗ್ ಗ್ಲಾಸ್ ಬರೆದಿದ್ದರು, ರಾಣಿಯರಿಗೆ ಮೀಸೆ. ಅದಾದರೂ ಪರವಾಗಿಲ್ಲ. ಗಣಿತ ಪುಸ್ತಕದಲ್ಲಿ ತ್ರಿಭುಜದ ಒಂದು ಪ್ರಮೇಯ ಮುಕ್ಕಾಲು ಪುಟ ನಡೆದು, "ಆದ್ದರಿಂದ" ಅನ್ನುವ ಮಾತಿಗೆ ಬಂದು ನಿಂತಿತ್ತು. ಮುಂದಿನ ಪುಟಗಳೇ ಇಲ್ಲ. ಆದ್ದರಿಂದ ಏನು? ಮೂರು ದಿನ ನಾವಿಬ್ಬರೂ ಅದೇ ಯೋಚನೆಯಲ್ಲಿದ್ದೆವು. ಅತ್ತೆ ಸಾರಿಗೆ ಒಗ್ಗರಣೆ ಹಾಕುವಾಗಲೂ "ಆದ್ದರಿಂದ... ಆದ್ದರಿಂದ..." ಅನ್ನುತ್ತಿದ್ದರು.

ಕೊನೆಗೆ ತಡೆಯಲಾರದೆ ಅಂಗಡಿಗೇ ಹೋಗಿ ವಿಚಾರಿಸಿದರು. ಹರಿದ ಹಾಳೆಗಳೆಲ್ಲ ರೈಲ್ವೆ ಸ್ಟೇಷನ್ ಹತ್ತಿರದ ಕಡಲೇಕಾಯಿ ಗಾಡಿಗೆ ಹೋಗಿವೆ ಅಂದನಂತೆ ಅಂಗಡಿಯವನು. ಸರಿ, ಅಲ್ಲಿಗೆ ದಂಡಯಾತ್ರೆ. "ಲೆಕ್ಕದ ಹಾಳೆ ಇರೋ ಪೊಟ್ಟಣ ಎಲ್ಲಾ ಕೊಡಪ್ಪ" ಅಂದರಂತೆ. ಗಾಡಿಯವನು, "ಕಾಯಿ ಬೇಡ್ವಾ ಅಮ್ಮಾ?" ಅಂದನಂತೆ. ಬಂದಾಗ ಸೆರಗಿನ ತುಂಬ ಪೊಟ್ಟಣ! ಒಂದೊಂದನ್ನೇ ಬಿಚ್ಚಿದೆವು. ಎರಡರಲ್ಲಿ ಹಿಂದಿ ವ್ಯಾಕರಣ, ಒಂದರಲ್ಲಿ ಯಾರದೋ ಲಗ್ನಪತ್ರಿಕೆ, ನಾಲ್ಕನೆಯದರಲ್ಲಿ ನಮ್ಮ ಪ್ರಮೇಯ! ಒಂದು ಕೋನ ಎಣ್ಣೆ ಕುಡಿದು ಮಾಯವಾಗಿತ್ತು, ಉಳಿದದ್ದು ಕ್ಷೇಮ. ಆ ಸಂಜೆ ಕಡಲೇಕಾಯಿ ತಿನ್ನುತ್ತಾ ತ್ರಿಭುಜವನ್ನು ಸಾಧಿಸಿದೆವು. "ಇಷ್ಟೇನಾ!" ಅಂದರು ಅತ್ತೆ, ಬಹಳ ನಿರಾಶೆಯಿಂದ.

ರಸಾಯನಶಾಸ್ತ್ರ ಮಾತ್ರ ನಮ್ಮಿಬ್ಬರ ಕೈಗೂ ಸಿಗಲಿಲ್ಲ. ಅದಕ್ಕೆ ಬೇರೆ ಮೇಷ್ಟ್ರು ಬೇಕಿತ್ತು, ಮೇಷ್ಟ್ರಿಗೆ ಕೊಡಲು ಟ್ಯೂಷನ್ ಫೀಸು ಬೇಕಿತ್ತು. ಪಕ್ಕದ ಬೀದಿಯಲ್ಲಿ ಒಬ್ಬ ವಿಜ್ಞಾನದ ಮೇಷ್ಟ್ರಿದ್ದರು. ಅವರ ಹೆಂಡತಿ ತಂಗಿಯ ಮದುವೆಗೆಂದು ಬ್ಲೌಸುಗಳ ಗಂಟು ತಂದು ಅತ್ತೆಯ ಮುಂದೆ ಬಿಚ್ಚಿದರು. ಅತ್ತೆಯ ಕಣ್ಣು ಹೊಳೆಯಿತು. "ಕೂಲಿ ಬೇಡ ಬಿಡಮ್ಮ. ನಿಮ್ಮನೆಯವರು ಭಾನುವಾರ ಭಾನುವಾರ ಒಂದು ಗಂಟೆ ಬಂದು ಹೋಗ್ಲಿ ಸಾಕು." ಪಾಪ, ಆ ಮೇಷ್ಟ್ರನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಎರಡು ವಾರ ಬಂದರು. ಮೂರನೇ ಭಾನುವಾರ ಟಿವಿಯಲ್ಲಿ ಕ್ರಿಕೆಟ್ಟು, ಮೇಷ್ಟ್ರು ನಾಪತ್ತೆ. ಸೋಮವಾರ ಅವರ ಹೆಂಡತಿ ಬ್ಲೌಸಿಗೆ ಬಂದರು. ಅತ್ತೆ ಒಂದು ತೋಳಿನ ರೇಷ್ಮೆ ಬ್ಲೌಸನ್ನು ಎತ್ತಿ ತೋರಿಸಿದರು.

"ಎಡಗಡೆ ತೋಳು ಆಗೈತೆ. ಬಲಗಡೆ ತೋಳು ಆಮ್ಲ, ಪ್ರತ್ಯಾಮ್ಲದ ಪಾಠದಲ್ಲೈತೆ. ಪಾಠ ಆದ ಕೂಡ್ಲೇ ಹಚ್ಚಿಕೊಡ್ತೀನಿ."

ಅರ್ಧ ಗಂಟೆಯಲ್ಲಿ ಮೇಷ್ಟ್ರು ಹಾಜರ್! ಒಂದು ಕಾಲಲ್ಲಿ ತಮ್ಮ ಚಪ್ಪಲಿ, ಇನ್ನೊಂದು ಕಾಲಲ್ಲಿ ಹೆಂಡತಿಯದು. ಆವತ್ತು ಅವರು ಹೇಳಿಕೊಟ್ಟ ಸಮೀಕರಣಗಳು ಇವತ್ತಿಗೂ ನನಗೆ ಮರೆತಿಲ್ಲ. ಆಮೇಲೆ ಒಂದು ಭಾನುವಾರವೂ ಅವರು ತಪ್ಪಿಸಲಿಲ್ಲ ಅನ್ನುವುದನ್ನು ಕೃತಜ್ಞತೆಯಿಂದ ಹೇಳಬೇಕು. ಮದುವೆ ಮುಗಿದ ಮೇಲೂ ಬಂದರು. ಅತ್ತೆಯ ಅವರೆಕಾಳಿನ ಉಪ್ಪಿಟ್ಟಿಗೆ ಅಂತ ನನಗೆ ಗುಮಾನಿ.

ಒಂದು ವರ್ಷವಾದ ಮೇಲೆ ಡಾಕ್ಟರು ನಿಧಾನಕ್ಕೆ ನಡೆಯಬಹುದು ಅಂದರು. ಅತ್ತೆ ಮರುವಾರವೇ ಶೈಕ್ಷಣಿಕ ಪ್ರವಾಸ ಘೋಷಿಸಿದರು. ಬೇಲೂರು ದೂರವಾಯಿತು, ಹಳೇಬೀಡು ಸಾಕು. ಚರಿತ್ರೆ ಪಾಠವೂ ಆಗುತ್ತದೆ, ಹಾಗೇ ಹಗರೆಗೆ ಹೋಗಿ ಅಮ್ಮನನ್ನು ನೋಡಿದಂತೆಯೂ ಆಗುತ್ತದೆ. ಬಸ್ಸಿನ ಖರ್ಚು ಒಂದೇ! ದೇವಸ್ಥಾನದ ಜಗಲಿಯನ್ನು ನಕ್ಷತ್ರದ ಥರ ಕಡೆದಿದ್ದಾರಲ್ಲ, ಅತ್ತೆ ಅದರ ಮೂಲೆಗಳನ್ನು ಎಣಿಸುತ್ತಾ ಹೋಗಿ ಅರ್ಧಕ್ಕೆ ಕೈಬಿಟ್ಟರು. "ಇಷ್ಟು ಮೂಲೆ ಇರೋ ಕೆಲಸ ನನ್ನ ಹತ್ರ ತಂದಿದ್ರೆ ಬಟ್ಟೆ ವಾಪಸ್ ಕೊಟ್ಟು ಕಳುಸ್ತಿದ್ದೆ" ಅಂದರು. ಗೋಡೆಯ ಮೇಲಿನ ಸುಂದರಿಯರನ್ನು ಕಂಡು ಮತ್ತೂ ಬೇಜಾರು. "ಮೈತುಂಬ ಇಷ್ಟೊಂದು ಒಡವೆ ಹೇರ್ಕೊಂಡವ್ಳೆ, ಒಂದು ಬ್ಲೌಸು ಹೊಲಿಸ್ಕೋಬಾರ್ದಾಗಿತ್ತಾ!"

ಗೈಡನ್ನು ಇಟ್ಟುಕೊಳ್ಳುವ ಮಾತೇ ಇಲ್ಲ. ಬೊಂಬಾಯಿಯ ಒಂದು ಕುಟುಂಬ ಗೈಡಿನ ಜೊತೆ ಹೊರಟಿತ್ತು. ನಾವು ಐದಡಿ ಹಿಂದೆ. ಅವರು ನಿಂತರೆ ನಾವೂ ನಿಲ್ಲುವುದು, ಅವರು ತಲೆ ಎತ್ತಿದರೆ ನಾವೂ ಎತ್ತುವುದು. ಗೈಡಿಗೆ ಗುಮಾನಿ ಬಂದು ದನಿ ತಗ್ಗಿಸಿದ. ಅತ್ತೆ ಹಿಂದಿನಿಂದಲೇ, "ಸ್ವಲ್ಪ ಗಟ್ಟಿಯಾಗಿ ಹೇಳಪ್ಪ, ಮಗು ಬರ್ಕೊತಾ ಐತೆ!" ಅಂದರು.

"ಅಮ್ಮಾ, ನೀವು ನನಗೆ ದುಡ್ಡು ಕೊಟ್ಟಿಲ್ಲ."

"ನಾವೇನು ನೋಡ್ತಾ ಇದೀವಾ? ಬರೀ ಕೇಳಿಸ್ಕೊತಾ ಇದೀವಿ!"

ಜಗಳವೇ ಆಗುತ್ತಿತ್ತೇನೋ. ಅಷ್ಟರಲ್ಲಿ ಬೊಂಬಾಯಿ ಹೆಂಗಸಿನ ಕುರ್ತಾ ಎಲ್ಲಿಗೋ ಸಿಕ್ಕಿಕೊಂಡು ಪರ್ರನೆ ಹರಿಯಿತು. ಅತ್ತೆಯ ರವಿಕೆಯಲ್ಲಿ ಸೂಜಿದಾರ ಸದಾ ಸಿದ್ಧ. ಕಂಬದ ಮರೆಗೆ ಕರೆದುಕೊಂಡು ಹೋಗಿ ಎರಡೇ ನಿಮಿಷದಲ್ಲಿ ಹರಿದದ್ದು ಕಾಣದ ಹಾಗೆ ಹೊಲಿದುಕೊಟ್ಟರು. ಆಮೇಲೆ ಕೇಳುವುದೇನು, ನಾವು ಆ ಪಾರ್ಟಿಯ ಗೌರವಾನ್ವಿತ ಸದಸ್ಯರು! "ಇಂಗ್ಲಿಷಲ್ಲಿ ಏನಾರ ಕೇಳೇ" ಅಂತ ಅತ್ತೆ ನನ್ನ ಪಕ್ಕೆ ತಿವಿದರು. "ವೇರ್ ಆರ್ ಯು ಕಮಿಂಗ್ ಫ್ರಮ್, ಮೇಡಂ?" ಅಂದೆ. ಆಕೆ ಸಂತೋಷದಿಂದ ಐದು ನಿಮಿಷ ಉತ್ತರ ಹೇಳಿದರು. ನನಗೆ ಅರ್ಥವಾದದ್ದು 'ಬಾಂಬೆ' ಒಂದೇ. ಅದು ಮೊದಲೇ ಗೊತ್ತಿತ್ತು!

ಪರೀಕ್ಷೆಗೆ ಖಾಸಗಿಯಾಗಿ ಕಟ್ಟಲು ಅರ್ಜಿ ತುಂಬುವಾಗ ಶಾಲೆಯ ಆಫೀಸಿನ ಗುಮಾಸ್ತರು, "ಮನೇಲಿ ಪಾಠ ಹೇಳಿಕೊಟ್ಟೋರು ಯಾರು?" ಅಂತ ಕೇಳಿದರು.

"ನಾನೇ" ಅಂದರು ಅತ್ತೆ.

"ನಿಮ್ಮ ವಿದ್ಯಾಭ್ಯಾಸ?"

"ಈಗ ಹತ್ತನೇ ಕ್ಲಾಸು. ನಡೀತಾ ಐತೆ."

ಗುಮಾಸ್ತರು ಕನ್ನಡಕ ತೆಗೆದು ಒಂದು ಸಲ ಅತ್ತೆಯನ್ನು ನೋಡಿದರು. ಆಮೇಲೆ ಸೀಲು ಒತ್ತಿದರು.

ಪರೀಕ್ಷೆಯ ದಿನ ಹೋಗಿ ನೋಡಿದರೆ ನನ್ನ ಕೋಣೆ ಮಹಡಿ ಮೇಲೆ! ನನಗೋ ಮೆಟ್ಟಿಲು ಕೂಡದು. ಪಟ್ಟಿ ಅಂಟಿಸಿಯಾಗಿದೆ, ಬದಲಾಯಿಸಲು ಬರುವುದಿಲ್ಲ ಅಂದರು ಅಲ್ಲಿದ್ದವರು. ಅತ್ತೆ ವಾದ ಮಾಡಲಿಲ್ಲ. ಅದೇ ಆಶ್ಚರ್ಯ. ಎದುರು ಮನೆಗೆ ಹೋಗಿ ಒಂದು ಮಡಿಸುವ ಕುರ್ಚಿ ಕೇಳಿ ತಂದರು. ನಾಲ್ಕು ಮೆಟ್ಟಿಲು ಹತ್ತಿಸಿ ಕುರ್ಚಿ ಬಿಡಿಸಿ, "ಕೂತ್ಕೋ" ಅನ್ನುವುದು. ಸೆರಗಿನಲ್ಲಿ ಗಾಳಿ ಬೀಸುವುದು. ಮತ್ತೆ ನಾಲ್ಕು ಮೆಟ್ಟಿಲು. ಹಿಂದೆ ಬರುತ್ತಿದ್ದ ಹುಡುಗಿಯರೆಲ್ಲ ಮೆಟ್ಟಿಲ ಮೇಲೆ ಕ್ಯೂ ನಿಂತರು. ನನಗೆ ನಾಚಿಕೆಯಿಂದ ನೆಲಕ್ಕಿಳಿದುಹೋಗುವಂತಾಯಿತು. "ಬಿಡತ್ತೆ, ಹತ್ತಿಬಿಡ್ತೀನಿ" ಅಂದೆ. "ಬಾಯ್ಮುಚ್ಕೊಂಡು ನದಿಗಳ ಹೆಸರು ಹೇಳ್ಕೋ" ಅಂದರು. ಬಾಯಿ ಮುಚ್ಚಿಕೊಂಡು ಹೇಗೆ ಹೇಳಿಕೊಳ್ಳುವುದು? ಮೂರನೇ ದಿನದ ಹೊತ್ತಿಗೆ ಮೇಲ್ವಿಚಾರಕರೇ ಗೇಟಿನ ಹತ್ತಿರ ಕುರ್ಚಿ ಹಿಡಿದು ಕಾಯುತ್ತಿದ್ದರು!

ರಿಸಲ್ಟು ಪೇಪರಿನಲ್ಲಿ ಬಂತು. ನನ್ನ ನಂಬರು ಇರಲಿಲ್ಲ. ಮೇಲಿನಿಂದ ಕೆಳಗೆ ನೋಡಿದೆ, ಕೆಳಗಿನಿಂದ ಮೇಲೆ ನೋಡಿದೆ. ಮಾವ ಭೂತಗನ್ನಡಿ ಹಿಡಿದು ನೋಡಿದರು. ಇಲ್ಲ. ಅತ್ತೆ ಹೊಲಿಯುತ್ತಿದ್ದುದನ್ನು ಪಕ್ಕಕ್ಕಿಟ್ಟು, ಚಪ್ಪಲಿ ಮೆಟ್ಟಿ ಹೊರಟರು. ಎಲ್ಲಿಗೆ ಅಂತ ಹೇಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹಗರೆಯಿಂದ ಅಪ್ಪ ಬಂದರು. ಅಲ್ಲಿಯೂ ಪೇಪರು ನೋಡಿದ್ದರು. ನನ್ನ ತಲೆ ಸವರಿದರು. ಮಾವ ಯಾರೂ ಕೇಳದಿದ್ದರೂ ಕಾಫಿ ಮಾಡಿ ತಂದರು. ಅದರಲ್ಲಿ ಸಕ್ಕರೆ ಇರಲಿಲ್ಲ, ಅದನ್ನು ಗಮನಿಸುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ಮೂರು ಗಂಟೆಗೆ ಅತ್ತೆ ಬಂದರು. ಮುಖ ಕೆಂಪಗಾಗಿತ್ತು. ಕುಡಿಯುವ ನೀರಿನ ಚೊಂಬನ್ನು ಎತ್ತಿ ಗಟಗಟ ಕುಡಿದರು. ಅಪ್ಪ, "ಹೋಗ್ಲಿ ಬಿಡಕ್ಕಾ, ನೀನು ಮಾಡೋದು ಮಾಡಿದೆ" ಅಂದರು.

"ಏನು ಹೋಗ್ಲಿ ಬಿಡು? ಫಸ್ಟ್ ಕ್ಲಾಸು ಬಂದಿರೋಳನ್ನ ಹೋಗ್ಲಿ ಬಿಡು ಅಂತೀಯಲ್ಲೋ!"

ಖಾಸಗಿಯವರ ಪಟ್ಟಿ ಪೇಪರಿನಲ್ಲಿ ಇರಲೇ ಇಲ್ಲವಂತೆ, ಪರೀಕ್ಷಾ ಕೇಂದ್ರದ ಬೋರ್ಡಿನ ಮೇಲೆ ಅಂಕಗಳ ಸಮೇತ ಬೇರೆಯಾಗಿ ಅಂಟಿಸಿದ್ದರಂತೆ. ಅಪ್ಪ ಗೋಡೆಗೆ ಒರಗಿ ಹಾಗೇ ಕುಸಿದು ಕೂತರು. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ಗೊತ್ತಿಲ್ಲ. ಒಂದು ಬಂಡೆಯನ್ನೇ ಎದೆಯ ಮೇಲಿಂದ ಎತ್ತಿ ಆಚೆ ಇಟ್ಟಂತಾಯಿತು. "ಮತ್ತೆ ಇಷ್ಟು ಹೊತ್ತು ಏನು ಮಾಡ್ತಿದ್ದೆ?" ಅಂದರು ಅಪ್ಪ.

"ಕನ್ನಡದಲ್ಲಿ ಕಮ್ಮಿ ಕೊಟ್ಟವ್ರೆ. ಯಾಕೆ ಅಂತ ವಿಚಾರಿಸ್ತಿದ್ದೆ!"

ಅರಸೀಕೆರೆಯಲ್ಲೇ ಕಾಲೇಜು ಸೇರಿದೆ. ಕಾಲೇಜು ಅಂದರೆ ಬಟ್ಟೆ ಬೇಡವೇ? ಅತ್ತೆ ವರ್ಷಗಳಿಂದ ಕೂಡಿಟ್ಟಿದ್ದ ಚೂರು ಬಟ್ಟೆಯ ಗಂಟು ಬಿಚ್ಚಿದರು. ನನ್ನ ಮೊದಲ ಚೂಡಿದಾರಕ್ಕೆ ಒಂದು ತೋಳು ರಸಾಯನಶಾಸ್ತ್ರದ ಮೇಷ್ಟ್ರ ಹೆಂಡತಿಯದು, ಇನ್ನೊಂದು ಯಾರದೋ ಸೀಮಂತದ್ದು, ಎದೆಯ ಪಟ್ಟಿ ಯಾರದೋ ಕಿಟಕಿ ಪರದೆ! ಇದನ್ನು ಹಾಕಿಕೊಂಡು ಹೋಗುವುದಕ್ಕಿಂತ ಮತ್ತೆ ಜ್ವರ ಬಂದರೆ ಲೇಸು ಅನ್ನಿಸಿತು. ಗೋಡೆಗೆ ಅಂಟಿಕೊಂಡೇ ಕ್ಲಾಸಿಗೆ ಹೋದೆ. ಮಧ್ಯಾಹ್ನ ಮೂವರು ಹುಡುಗಿಯರು ನನ್ನನ್ನು ಮುತ್ತಿದರು. "ಎಲ್ಲಿ ತಗೊಂಡೆ ಕಣೇ? ಬೆಂಗಳೂರಲ್ಲಿ ಈಗ ಇದೇ ಫ್ಯಾಷನ್ ಅಂತೆ!" ಮುಂದಿನ ವಾರ ಅತ್ತೆಯ ಮನೆ ಮುಂದೆ ಕಾಲೇಜು ಹುಡುಗಿಯರ ಸಾಲು. ಚೂರು ಬಟ್ಟೆ ಸಾಲದೆ ಅತ್ತೆ ಹೊಸ ಬಟ್ಟೆ ತಂದು ಕತ್ತರಿಸಿ ಚೂರು ಮಾಡಬೇಕಾಯಿತು!

ದಸರಾ ರಜೆಯಲ್ಲಿ ಹಾಸನದ ಡಾಕ್ಟರ ಹತ್ತಿರ ಹೋದೆವು. ಅವರು ಬಹಳ ಹೊತ್ತು ಎದೆಗೆ ಕೊಳವೆ ಇಟ್ಟು ಕೇಳಿದರು. ಎಕ್ಸ್‌ರೇ ಫೋಟೋಗಳನ್ನು ಬೆಳಕಿಗೆ ಹಿಡಿದು ನೋಡಿದರು. "ಇಂಜೆಕ್ಷನ್ ಇನ್ನೂ ಕೆಲವು ವರ್ಷ ನಿಲ್ಲಿಸಬೇಡಿ. ಅದು ಬಿಟ್ಟರೆ ಏನೂ ತೊಂದರೆಯಿಲ್ಲ. ಓಡಲಿ, ಕುಣಿಯಲಿ, ಏನು ಬೇಕಾದರೂ ಮಾಡಲಿ" ಅಂದರು. ಆಮೇಲೆ ಅತ್ತೆಯ ಕಡೆ ತಿರುಗಿದರು. "ಅಮ್ಮಾ, ಮೊದಲನೇ ದಿವಸ ನಾನು ನಿಮಗೊಬ್ಬರಿಗೇ ಹೇಳಿದ್ದೆ. ಈ ಹುಡುಗಿ ಅಲುಗಾಡದೆ ಮಲಗದಿದ್ದರೆ ಹೃದಯ ಉಳಿಯೋದು ಕಷ್ಟ ಅಂತ. ಇಷ್ಟು ಚುರುಕಾಗಿರೋಳನ್ನ ಅಷ್ಟು ದಿನ ಹೇಗೆ ಮಲಗಿಸಿದಿರಿ?"

ಅತ್ತೆ ಎದ್ದು ನಿಂತರು. ಕೈ ಮುಗಿದು ಹೊರಗೆ ಬಂದರು. ವರಾಂಡದ ಬೆಂಚಿನ ಮೇಲೆ ಕೂತು ಸೆರಗನ್ನು ಕಣ್ಣಿಗೆ ಒತ್ತಿಕೊಂಡರು. ಅವರು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು.

"ಯಾಕತ್ತೆ ಯಾರಿಗೂ ಹೇಳ್ಲಿಲ್ಲ?"

"ಹೇಳಿದ್ರೆ ನಿಮ್ಮಪ್ಪ ನಿನಗಿಂತ ಮೊದ್ಲು ಮಂಚ ಹತ್ತುತಿದ್ದ."

"ಮತ್ತೆ ಆ ಓದು, ಪರೀಕ್ಷೆ?"

"ಓದು ಯಾರಿಗೆ ಬೇಕಿತ್ತೇ? ನಿನ್ನ ಮಂಚದ ಮೇಲೆ ಕೂರ್ಸೋಕೆ ನಂಗೆ ಕಂಡಿದ್ದು ಅದೊಂದೇ ದಾರಿ. ನೀನು ಪಾಸಾಗೇಬಿಡ್ತೀಯ ಅಂತ ನಾನೇನು ಕನಸು ಕಂಡಿದ್ನಾ!"

ಬಸ್ ಸ್ಟ್ಯಾಂಡಿಗೆ ಬಂದಾಗ ಅರಸೀಕೆರೆ ಬಸ್ಸು ಆಗಲೇ ಹೊರಟು ಗೇಟಿನ ಕಡೆ ತಿರುಗುತ್ತಿತ್ತು. ನಾನು ನಿಂತುಬಿಟ್ಟೆ. ಅಷ್ಟು ದಿನವೂ ಹೊರಟ ಬಸ್ಸನ್ನು ಬಿಟ್ಟುಬಿಡುವುದೇ ನಮ್ಮ ರೂಢಿಯಾಗಿತ್ತು. ಅತ್ತೆ ನನ್ನ ಕೈಯಿಂದ ಬ್ಯಾಗು ಕಿತ್ತುಕೊಂಡರು.

"ನಿಂತ್ಕೊಂಡು ಏನು ನೋಡ್ತೀಯೇ? ಡಾಕ್ಟ್ರು ಹೇಳಿದ್ದು ಕೇಳಿಸ್ಲಿಲ್ವಾ? ಓಡು!"

ಓಡಿದೆ. ಮೊದಲ ನಾಲ್ಕು ಹೆಜ್ಜೆ ಹೆದರಿಕೆಯಲ್ಲಿ, ಆಮೇಲೆ ಹೆದರಿಕೆ ಎಲ್ಲಿ ಹೋಯಿತೋ ಗೊತ್ತಿಲ್ಲ. ಗಾಳಿ ಕಿವಿಯಲ್ಲಿ ಸುಯ್ಯೆನ್ನುತ್ತಿತ್ತು. ಹೋಗಿ ಬಾಗಿಲ ಸರಳು ಹಿಡಿದು ಹತ್ತಿಕೊಂಡೆ. ಬಸ್ಸು ನಿಂತಿತು. ಏದುಸಿರು ಬಿಡುತ್ತಾ ನಗುತ್ತಾ ತಿರುಗಿ ನೋಡಿದರೆ ಹಿಂದೆ ಅತ್ತೆ ಇಲ್ಲ. "ಅಮ್ಮಾ, ಬತ್ತೀರೋ ಇಲ್ವೋ?" ಅಂತ ಕಂಡಕ್ಟರು ಕೂಗುತ್ತಿದ್ದ. ಅತ್ತೆ ಒಂದು ಹೆಜ್ಜೆಯೂ ಮುಂದಿಟ್ಟಿರಲಿಲ್ಲ. ಬ್ಯಾಗನ್ನು ಎದೆಗೆ ಅವುಚಿಕೊಂಡು, ನಾನು ಓಡಿದ್ದನ್ನು ನೋಡುತ್ತಾ ಅಲ್ಲೇ ನಿಂತುಬಿಟ್ಟಿದ್ದರು.